ತಪಾಸಣೆಯ ದಿನದ ಗಂಜಿ

ಮಾಗಿಯ ಚಳಿ ಬಿಗಿದು ಕೂತ ತಿಂಗಳು. ಆಸ್ಪತ್ರೆಯ ಹಿಂಬದಿಯ ಒಗೆಯುವ ಮನೆಯಲ್ಲಿ ಬೆಳಕು ಹರಿಯುವ ಮೊದಲೇ ಒಲೆ ಹೊತ್ತಿಸಬೇಕು. ತಡವಾದರೆ ಹಂಡೆಯ ನೀರು ಕಾಯುವಷ್ಟರಲ್ಲಿ ಹಾಸಿಗೆ ನಂಬರು ಹೊಲಿದ ವಾರ್ಡಿನ ಬಟ್ಟೆಯ ಎರಡನೇ ಗಂಟು ಬಂದು ಬಾಗಿಲಲ್ಲಿ ಬಿದ್ದಿರುತ್ತದೆ. ಆ ದಿನವೂ ನೀರು ಕೊತಕೊತ ಕುದಿಯುತ್ತಿತ್ತು. ಗಂಟಕ್ಕ ಎರಡೂ ಕೈಯಲ್ಲಿ ಮರದ ಹುಟ್ಟು ಹಿಡಿದು, ಸೊಂಟ ಬಾಗಿಸಿ, ಹಂಡೆಯ ತಳದಿಂದ ಬಟ್ಟೆಗಳನ್ನು ಎತ್ತಿ ಎತ್ತಿ ಮಗುಚುತ್ತಿದ್ದಳು. ಚಳಿಗೆ ಬೆರಳಿನ ಸಂದುಗಳು ಬಿರಿದಿದ್ದವು. ಒಗೆಯುವ ಸೋಡಾ ಬೆರೆತ ನೀರು ಸಿಡಿದು ಆ ಬಿರುಕಿಗೆ ಇಳಿದಾಗಲೆಲ್ಲ ಹಲ್ಲು ಕಚ್ಚಿಕೊಳ್ಳುವಳು, ಹುಟ್ಟು ಮಾತ್ರ ನಿಲ್ಲಿಸುತ್ತಿರಲಿಲ್ಲ.

"ಲೇ, ಈ ಕಡೆ ತಿರುಗ್ರೇ ಎಲ್ಲಾ. ನಿಮ್ಮಲ್ಲಿ ಮನುಷ್ಯರ ಥರ ಕಾಣೋರು ಯಾರಾದ್ರೂ ಇದೀರಾ?"

ಬಾಗಿಲಲ್ಲಿ ಮ್ಯಾನೇಜರು ನಿಂತಿದ್ದರು. ಮೂಗಿಗೆ ಕರವಸ್ತ್ರ ಒತ್ತಿಕೊಂಡು, ಹೊಸ್ತಿಲಿಗೆ ಬೂಟು ತಾಗದ ಹಾಗೆ ಒಂದು ಮಾರು ಹಿಂದೆಯೇ. ಹತ್ತು ವರ್ಷದಲ್ಲಿ ಅವರು ಇತ್ತ ಬಂದದ್ದು ಇದು ಎರಡನೇ ಸಲವೋ ಮೂರನೇ ಸಲವೋ.

ಒಗೆಯುವ ನಾಲ್ವರು ಹೆಂಗಸರಲ್ಲಿ ಕಿರಿಯವಳು, ಬಾಯಿ ಜೋರೆಂದು ಎಲ್ಲರೂ ಪಟಾಕಿ ಎನ್ನುವವಳು, ಬಟ್ಟೆ ಹಿಂಡುತ್ತಲೇ ಗೊಣಗಿದಳು. "ಕನ್ನಡಿ ತರ್ಸಿ ಸಾರ್. ನಿಮ್ಮನ್ನೂ ಸೇರಿಸ್ಕೊಂಡು ನೋಡೋಣ."

"ಏನೇ ಅಂದೆ?"

"ನೀರು ಕುದೀತಾ ಇದೆ ಸಾರ್, ಸಿಡಿದೀತು, ದೂರ ನಿಂತ್ಕೊಳ್ಳಿ ಅಂದೆ."

ಮ್ಯಾನೇಜರು ಒಬ್ಬೊಬ್ಬರನ್ನೇ ಬೆಳಕಿಗೆ ಕರೆದರು. ಸಂತೆಯಲ್ಲಿ ದನ ನೋಡುವವರಂತೆ ಸುತ್ತ ನೋಡಿದರು. "ಹಲ್ಲು ತೋರ್ಸು. ನಗು. ಥೂ, ಬೇಡ, ಬಾಯಿ ಮುಚ್ಚು." ಪಟಾಕಿಯನ್ನು ಆರಿಸಿದರು. ಗಂಟಕ್ಕನ ಮುಂದೆ ನಿಂತು, "ಕೈ ತೋರ್ಸು" ಎಂದರು.

ಗಂಟಕ್ಕ ಅಂಗೈ ಬಿಡಿಸಿದಳು. ಇಪ್ಪತ್ತೆರಡು ವರ್ಷದ ಸೋಡಾ ನೀರಿಗೆ ಅದು ಬಿಳಿಚಿ, ಸುಕ್ಕಾಗಿ, ಬಣ್ಣವೆಂಬುದೇ ಇಲ್ಲದ ಹಾಗಾಗಿತ್ತು.

"ಅಯ್ಯೋ ಕರ್ಮವೇ, ಮೂರು ದಿನ ನೀರಲ್ಲಿ ಬಿದ್ದ ಹೆಣದ ಕೈ ಇದ್ದ ಹಾಗಿದೆ. ಇರ್ಲಿ, ಮುಖ ಪರವಾಗಿಲ್ಲ. ನಾಳೆ ಬಿಳಿ ಅಂಗಿ ಕೊಡ್ತಾರೆ, ಕೈ ಅದರ ಜೇಬಲ್ಲಿ ಇಟ್ಕೊಂಡಿರು. ನೀವಿಬ್ಬರೂ ನಾಳೆ ಅಡುಗೆಮನೆಯೋರು."

ಹೆಂಗಸರು ಮುಖ ಮುಖ ನೋಡಿಕೊಂಡರು. ಅಡುಗೆಮನೆಯ ಒಳಗೋಡೆ ಯಾವ ಬಣ್ಣ ಎಂದು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಮಧ್ಯಾಹ್ನದ ಊಟ ಅವರಿಗೆ ಬರುತ್ತಿದ್ದುದು ಹಿಂದಿನ ಗೋಡೆಯ ಒಂದು ಕಿಂಡಿಯಿಂದ. ಒಳಗಿನಿಂದ ಒಂದು ಕೈ ತಟ್ಟೆ ದೂಡುತ್ತಿತ್ತು, ಹೊರಗಿನಿಂದ ಇವರ ಕೈ ಎಳೆದುಕೊಳ್ಳುತ್ತಿತ್ತು. ಕೈಗಳಿಗೆ ಮುಖ ಇರಲಿಲ್ಲ.

ಅದು ಧರ್ಮಸಂಸ್ಥೆಯ ಆಸ್ಪತ್ರೆ. ದಾನ ಕೊಟ್ಟವರ ಹೆಸರು ಮುಂಬಾಗಿಲ ಕಲ್ಲಿನಲ್ಲಿ ಸಾಲಾಗಿ ಕೆತ್ತಿತ್ತು. ರೋಗಿಗಳ ಅಕ್ಕಿ, ಔಷಧಿ, ಮ್ಯಾನೇಜರ ಸಂಬಳ, ಒಗೆಯುವ ಸೋಡಾ ಎಲ್ಲಕ್ಕೂ ಅರ್ಧಕ್ಕಿಂತ ಹೆಚ್ಚು ದುಡ್ಡು ಬರುತ್ತಿದ್ದುದು ಸರ್ಕಾರದಿಂದ, ಅದರ ಹೆಸರು ಮಾತ್ರ ಕಲ್ಲಿನ ಮೇಲೆ ಇರಲಿಲ್ಲ. ಊರಿನ ಅಂಚಿನ ಹಳ್ಳದಾಚೆ ಇರುವವರಿಗೆ ಅಲ್ಲಿ ಮೂರು ಕೆಲಸ: ಬಟ್ಟೆ ಒಗೆಯುವುದು, ಚರಂಡಿ ಬಳಿಯುವುದು, ಸತ್ತವರನ್ನು ಎತ್ತಿ ಸಾಗಿಸುವುದು. ಅಡುಗೆಮನೆ, ಔಷಧಿ ಕೋಣೆ, ಆಫೀಸು ಈಚೆಯವರದು. ಹಾಗೆಂದು ಎಲ್ಲೂ ಬರೆದಿರಲಿಲ್ಲ. ಬರೆಯುವ ಅಗತ್ಯವೇ ಯಾರಿಗೂ ಬಿದ್ದಿರಲಿಲ್ಲ.

ಉಳಿದವರನ್ನು ಕೆಲಸಕ್ಕೆ ಅಟ್ಟಿ ಮ್ಯಾನೇಜರು ಗಂಟಕ್ಕನನ್ನು ಬಾವಿಕಟ್ಟೆಯ ಹತ್ತಿರ ಕರೆದರು.

"ಯಾಕೆ ಈ ರಾದ್ಧಾಂತ ಗೊತ್ತೇನೇ? ನಿನ್ನ ಮಗಳು ಗೀಚಿದ ಅರ್ಜಿ. ಸರ್ಕಾರದ ದುಡ್ಡು ತಗೊಳ್ಳೋ ಸಂಸ್ಥೆ, ಕೆಲಸ ಕೊಡೋವಾಗ ಹುಟ್ಟು ನೋಡಂಗಿಲ್ಲ, ಕೇರಿ ನೋಡಂಗಿಲ್ಲ ಅಂತ ಯಾವನೋ ಒಂದು ಕಾನೂನು ಮಾಡಿಟ್ಟಿದಾನೆ. ಅದನ್ನ ಹುಡುಕಿ ತೆಗೆದು ಬರೆದಿದಾಳೆ ನಿನ್ನ ಮಗಳು, ವಿಳಾಸ ಸಮೇತ. ನಾಳೆ ತಪಾಸಣೆ."

ಯಾವ ಅರ್ಜಿಯೆಂದು ಗಂಟಕ್ಕನಿಗೆ ಈಗ ಹೊಳೆಯಿತು. ಎರಡು ತಿಂಗಳ ಹಿಂದೆ ಅಡುಗೆಮನೆಗೆ ಸಹಾಯಕಿ ಬೇಕೆಂದು ಗೇಟಿಗೆ ಕಾಗದ ಅಂಟಿಸಿದ್ದರು. ಹತ್ತನೇ ತರಗತಿ ಪಾಸಾದ ಮಗಳು ತಲೆ ಬಾಚಿಕೊಂಡು ಹೋಗಿದ್ದಳು. ಸಾಲಿನಲ್ಲಿ ಕೂತ ಹನ್ನೊಂದು ಜನರ ಎದುರಿಗೆ ಇದೇ ಮ್ಯಾನೇಜರು ಅವಳ ವಿಳಾಸ ಓದಿ, "ಹಳ್ಳದಾಚೆನಾ? ನಿನ್ನ ಕೈಯ ಗಂಜಿ ಕುಡಿದ್ರೆ ಇರೋ ರೋಗಿಗಳೂ ಸಾಯ್ತಾರೆ ಕಣಮ್ಮ" ಎಂದಿದ್ದರು. ಸಾಲು ನಕ್ಕಿತ್ತು. ಮಗಳು ಮನೆಗೆ ಬಂದು ಎರಡು ದಿನ ಚಾಪೆ ಬಿಟ್ಟು ಎದ್ದಿರಲಿಲ್ಲ. ಮೂರನೇ ದಿನ ಕಾಗದ ಕೇಳಿದ್ದಳು.

"ನಾಳೆ ನೀನು ಮೂರು ವರ್ಷದಿಂದ ಅಡುಗೆಮನೇಲಿದೀನಿ ಅಂತ ಹೇಳ್ತೀಯ" ಎಂದರು ಮ್ಯಾನೇಜರು. "ಬಂದವರು ಬರ್ಕೊಂಡು ಹೋಗ್ತಾರೆ. ಆಮೇಲೆ ನಿನ್ನ ಮಗಳಿಗೆ ಆ ಕೆಲಸ, ಖಾಯಂ. ನನ್ನ ಮಾತು. ಬೇರೇನಾದ್ರೂ ಬಾಯಿ ಬಿಟ್ಯೋ, ನಾಳಿದ್ದರಿಂದ ನೀವು ನಾಲ್ಕೂ ಮುಂಡೇವು ಗೇಟಿಂದಾಚೆ. ತಿಳೀತಾ?"

"ತಿಳೀತು ಸಾರ್."

"ಹೆಬ್ಬೆಟ್ಟು ಕೊಡು ಬಾ."

ಆಫೀಸಿನ ಜಗಲಿಯ ಮೇಲೆ ಅಡುಗೆಮನೆಯ ಹಾಜರಿ ಪುಸ್ತಕ ಬಿಡಿಸಿಟ್ಟಿತ್ತು. ಮೂವತ್ತಾರು ತಿಂಗಳ ಮೂವತ್ತಾರು ಹಾಳೆ. ಗುಮಾಸ್ತ ಕಾಗದದ ಚೂರು ಅಡ್ಡ ಇಟ್ಟು ಅವಳ ಹೆಬ್ಬೆರಳನ್ನು ಪೆನ್ನು ಹಿಡಿದ ಹಾಗೆ ಹಿಡಿದು ಮಸಿಗೆ ಅದ್ದಿ ಒತ್ತಿದ. ನೀಲಿಯ ಒಂದು ಮಚ್ಚೆ ಬಿತ್ತು, ಗೆರೆ ಬೀಳಲಿಲ್ಲ. ಮತ್ತೆ ಒತ್ತಿದ. ಮತ್ತೆ ಮಚ್ಚೆ.

"ಏನೇ ಇದು, ನಿನ್ನ ಹೆಬ್ಬೆರಳಿಗೆ ಗೆರೆಯೇ ಇಲ್ವಲ್ಲೇ!"

"ಸೋಡಾ ತಿಂದಿದೆ ಸ್ವಾಮಿ."

"ಎಲ್ಲಾ ತಿಂದು ಮುಗಿಸೋ ಜಾತಿ" ಎಂದು ಗುಮಾಸ್ತ ಪುಟ ತಿರುವಿದ.

* * *

ಹೊತ್ತು ಮುಳುಗುವ ಮುಂಚೆ ಮನೆಗೆ ಬಂದಾಗ ಮಗಳು ಹೊಸ್ತಿಲಲ್ಲಿ ಕೂತು ಪಾತ್ರೆಯ ತಳ ಉಜ್ಜುತ್ತಿದ್ದಳು. ಗಂಟಕ್ಕ ತಲೆಯ ಮೇಲಿನ ಸಿಂಬೆ ತೆಗೆದು ಗೋಡೆಗೆ ಎಸೆದಳು.

"ಏನೇ ಬರೆದೆ ನೀನು?"

"ನಡೆದದ್ದು ಬರೆದೆ."

"ನನ್ನ ಒಂದು ಮಾತು ಕೇಳೋದಲ್ವೇನೇ, ದರಿದ್ರದೋಳೇ! ನಾಲ್ಕು ಮನೆ ಒಲೆಗೆ ನೀರು ಹೊಯ್ಯೋಕೆ ಹೊರಟಿದೀಯಲ್ಲ."

"ಕೇಳಿದ್ರೆ ಬೇಡ ಅಂತಿದ್ದೆ."

"ಅಂತಿದ್ದೆ! ಹೂಂ, ಅಂತಿದ್ದೆ." ಗಂಟಕ್ಕ ಧೊಪ್ಪನೆ ಕೂತಳು. ನಾಳೆಯ ನಾಟಕವನ್ನು ಹೇಳಿದಳು. ಮ್ಯಾನೇಜರ ಮಾತನ್ನೂ ಹೇಳಿದಳು. "ಖಾಯಂ ಅಂದ ಕಣೇ. ಒಳಗೆ ಬೆಚ್ಚಗೆ ನಿಂತು ಮಾಡೋ ಕೆಲಸ. ನಿನ್ನ ಕೈ ನನ್ನ ಕೈ ಥರ ಆಗೋದಿಲ್ಲ."

ಮಗಳ ಕೈ ಉಜ್ಜುವುದನ್ನು ನಿಲ್ಲಿಸಿತು. "ಅಮ್ಮಾ, ಹಳ್ಳದಾಚೆಯೋರಿಗೆ ಅಡುಗೆಮನೇಲಿ ಕೆಲಸ ಕೊಡಲ್ಲ ಅಂತ ನಾನು ಬರೆದಿದೀನಿ. ನೀನೇ ಹೋಗಿ ನಾನು ಮೂರು ವರ್ಷದಿಂದ ಅಲ್ಲೇ ಇದೀನಿ ಅಂದ್ರೆ ನಾನು ಯಾರಾದೆ? ಸುಳ್ಳುಗಾತಿ ಆದೆ. ಸುಳ್ಳುಗಾತಿಗೆ ಕೆಲಸ ಕೊಡ್ತಾನಾ ಅವನು?"

"ಮಾತು ಕೊಟ್ಟಿದಾನೆ."

"ಯಾರಿಗೆ? ನಿನಗಾ?" ಮಗಳು ನಕ್ಕಳು. ಆ ನಗು ಗಂಟಕ್ಕನಿಗೆ ಚುರ್ ಎಂದಿತು. "ಹೆಸರು ಹಿಡಿದು ಒಂದು ದಿನ ಕರೆದಿದಾನಾ ನಿನ್ನ? ಹತ್ತು ವರ್ಷದಲ್ಲಿ?"

"ಹೋಗೇ, ನಿನ್ನ ನಿಜ ಅಷ್ಟು ಉದ್ದ ಇದೆಯಲ್ಲ, ಇವತ್ತು ಅದನ್ನೇ ಹೊದ್ದುಕೊಂಡು ಮಲಕ್ಕೋ" ಎಂದು ಗಂಟಕ್ಕ ಎದ್ದು ಒಳಗೆ ಹೋದಳು. ಸಿಟ್ಟು ಯಾರ ಮೇಲೆಂದು ಅವಳಿಗೇ ಸರಿಯಾಗಿ ತಿಳಿಯಲಿಲ್ಲ. ಒಲೆಯ ಮುಂದೆ ಕೂತು, ಮಗಳು ಬಿಳಿ ಅಂಗಿ ತೊಟ್ಟು ಆ ಕಿಂಡಿಯ ಒಳಬದಿಯಲ್ಲಿ ನಿಂತಿರುವುದನ್ನು ಕಣ್ಣಲ್ಲೇ ನೋಡಿಕೊಂಡಳು. ನೋಡಿಕೊಂಡಷ್ಟೂ ಸಾಕಾಗಲಿಲ್ಲ. ಹೇಳಿಬಿಡುತ್ತೇನೆ ಎಂದುಕೊಂಡಳು. ಒಂದು ಸುಳ್ಳು, ಬಾಯಿ ಸುಟ್ಟು ಹೋಗುವುದಿಲ್ಲ.

* * *

ಮರುದಿನ ಇಬ್ಬರಿಗೂ ಬಿಸಿನೀರಲ್ಲಿ ಮೈ ತೊಳೆಸಿ, ಅಡುಗೆಯವರ ಬಿಳಿ ನಿಲುವಂಗಿ ಕೊಟ್ಟರು. ನಿಲುವಂಗಿ ಹಾಕಿಕೊಳ್ಳುತ್ತ ಪಟಾಕಿ ಮೂಸಿ ನೋಡಿ, "ಅಕ್ಕಾ, ಇದನ್ನ ಸೋಮವಾರ ನಾನೇ ಒಗೆದದ್ದು ಕಣೇ. ಒಗೆಯೋಕೆ ಕೊಡೋವಾಗ ಮೈಲಿಗೆ ಇಲ್ಲ, ತೊಡೋಕೆ ಕೊಡೋವಾಗ ಮುಖ ನೋಡಬೇಕಿತ್ತು ಆ ಅಡುಗೆ ಮೇಸ್ತ್ರೀದು" ಎಂದಳು.

ಅಡುಗೆ ಮೇಸ್ತ್ರಿ ಬಾಗಿಲಲ್ಲೇ ಕಾದಿದ್ದ. ದೊಡ್ಡ ಹೊಟ್ಟೆಯ, ಸಣ್ಣ ಕಣ್ಣಿನ ಮನುಷ್ಯ. ಇಬ್ಬರೂ ಒಳಗೆ ಕಾಲಿಟ್ಟಾಗ ನೆಲ ಕುಸಿಯಿತೋ ಎಂಬಂತೆ ಹಿಂದೆ ಸರಿದ.

"ನೋಡ್ರಮ್ಮಾ, ಮೊದಲೇ ಹೇಳ್ಬಿಡ್ತೀನಿ. ಏನೂ ಮುಟ್ಟಂಗಿಲ್ಲ. ನೀನು ಇಲ್ಲಿ ಒಲೆ ಪಕ್ಕ ನಿಂತ್ಕೋ, ಈ ಸೌಟು ಹಿಡ್ಕೋ. ಹಿಡ್ಕೋಬೇಕು ಅಷ್ಟೇ. ಪಾತ್ರೆಗೆ ಇಳಿಸಿದ್ರೆ ಕೈ ಮುರಿದುಬಿಡ್ತೀನಿ. ನೀನು, ಬಾಯಾಳಿ, ಅಲ್ಲಿ ಖಾಲಿ ತಟ್ಟೆ ಹಿಡ್ಕೊಂಡು ನಿಂತ್ಕೋ."

"ತಟ್ಟೆ ಮುಟ್ಟಬಹುದಾ ಮೇಸ್ತ್ರಿ?" ಎಂದಳು ಪಟಾಕಿ. "ಇಲ್ಲಾಂದ್ರೆ ಹಲ್ಲಲ್ಲಿ ಕಚ್ಕೊಂಡು ನಿಂತ್ಕೋತೀನಿ."

ಗೋಡೆ ಹಳದಿ ಬಣ್ಣದ್ದು, ಹೊಗೆ ಹಿಡಿದು ಮೇಲ್ಭಾಗ ಕಂದಾಗಿತ್ತು. ಮರದ ಹಲಗೆಯ ಮೇಲೆ ಡಬ್ಬಿಗಳು ಎತ್ತರದ ಪ್ರಕಾರ ನಿಂತಿದ್ದವು. ಒಂದು ಮೂಲೆಯಲ್ಲಿ ಸಿಪ್ಪೆಯ ರಾಶಿ. ಗಂಟಕ್ಕನಿಗೆ ಕಿಂಡಿ ಒಳಗಿನಿಂದ ಕಂಡಿತು. ಹೊರಗಿನಿಂದ ಅದು ಎದೆಯ ಎತ್ತರಕ್ಕಿತ್ತು. ಒಳಗಿನ ನೆಲ ಎತ್ತರ, ಇಲ್ಲಿಂದ ಅದು ಮಂಡಿಯ ಹತ್ತಿರ. ಓ, ಇಷ್ಟು ವರ್ಷದಲ್ಲಿ ಕೈ ಕಾಣದ ದಿನ ಕಾಲಿನಲ್ಲಿ ತಳ್ಳಿದ್ದರೂ ನಮಗೆ ತಿಳಿಯುತ್ತಿರಲಿಲ್ಲ ಎನ್ನಿಸಿತು ಅವಳಿಗೆ.

ದೊಡ್ಡ ಒಲೆಯ ಮೇಲೆ ಬಾನಿಯಷ್ಟಗಲದ ಪಾತ್ರೆಯಲ್ಲಿ ನಲವತ್ತು ಹಾಸಿಗೆಯ ಗಂಜಿ ಬೇಯುತ್ತಿತ್ತು. ಅಂಗಳದಲ್ಲಿ ಜೀಪಿನ ಸದ್ದಾಯಿತು. ಮೇಸ್ತ್ರಿ ಟೋಪಿ ಸರಿ ಮಾಡಿಕೊಂಡು ಸ್ವಾಗತಕ್ಕೆ ಓಡಿದ, ಅವನ ಹಿಂದೆ ಅವನ ಕೈಕೆಳಗಿನವರೂ ಓಡಿದರು.

ಓಡಿದವರು ಬೇಗ ಬರಲಿಲ್ಲ. ಗಂಜಿ ಗುಳುಗುಳು ಎಂದು ಏರತೊಡಗಿತು. ನೊರೆ ಪಾತ್ರೆಯ ಕಂಠಕ್ಕೆ ಬಂತು, ಕಂಠ ದಾಟಿ ಒಂದು ಕಡೆ ಹರಿದು ಬೆಂಕಿಯ ಮೇಲೆ ಚುಂಯ್ ಎಂದಿತು. ತಳ ಹಿಡಿಯುವ ವಾಸನೆ.

"ಅಕ್ಕಾ, ಉಕ್ತಾ ಇದೆ."

"ಕಾಣ್ತಾ ಇದೆ."

"ಮುಟ್ಟಬೇಡ ಅಂದಿದಾನೆ ಆ ಹಂದಿ."

ಗಂಟಕ್ಕ ಒಂದು ಕ್ಷಣ ಸೌಟು ಹಿಡಿದು ನಿಂತಳು. ಕಣ್ಣೆದುರು ಉಕ್ಕುವ ಹಂಡೆಯನ್ನು ನೋಡುತ್ತ ಸುಮ್ಮನೆ ನಿಂತದ್ದು ಅವಳ ಜನ್ಮದಲ್ಲಿ ಇಲ್ಲ. ಕೈ ತಾನಾಗಿಯೇ ಹೋಯಿತು. ಸೌಟು ಸಾಲದೆಂದು ಗೋಡೆಗೆ ಒರಗಿಸಿದ್ದ ಉದ್ದದ ಮರದ ತೊಳಸುಗೋಲು ಎತ್ತಿಕೊಂಡಳು. ಎರಡೂ ಕೈಯಲ್ಲಿ ಹಿಡಿದು, ಸೊಂಟ ಬಾಗಿಸಿ, ತಳದಿಂದ ಎತ್ತಿ ಮಗುಚಿದಳು. ಮತ್ತೆ ಎತ್ತಿ ಮಗುಚಿದಳು. ಕಾಲಿನಿಂದ ಎರಡು ಕೊಳ್ಳಿ ಹೊರಗೆಳೆದಳು. ನೊರೆ ಇಳಿಯಿತು. ತಳ ಬಿಟ್ಟಿತು.

"ಇವರು ನಿಮ್ಮ ಅಡುಗೆಯವರಾ?"

ಬಾಗಿಲಲ್ಲಿ ತಪಾಸಣೆಯ ಅಧಿಕಾರಿ ನಿಂತಿದ್ದಳು. ಗಂಟಕ್ಕನ ವಯಸ್ಸಿನವಳೇ, ಕನ್ನಡಕ, ಕೈಯಲ್ಲಿ ಫೈಲು, ಮುಖದಲ್ಲಿ ದಾರಿಯ ದಣಿವು. ಹಿಂದೆ ಮ್ಯಾನೇಜರು. ಅವರ ಹಿಂದೆ ಮೇಸ್ತ್ರಿ, ತೊಳಸುಗೋಲು ಯಾರ ಕೈಯಲ್ಲಿದೆಯೆಂದು ನೋಡಿ ಬಿಳುಚಿಕೊಂಡವನು.

"ಹೌದು ಮೇಡಂ, ಹಳ್ಳದಾಚೆಯವರೇ. ನೋಡಿ, ಎಷ್ಟು ಪಳಗಿದ ಕೈ" ಎಂದರು ಮ್ಯಾನೇಜರು.

"ಎಷ್ಟು ವರ್ಷ ಆಯ್ತಮ್ಮ ಅಡುಗೆಮನೇಲಿ?"

"ಮೂರು ವರ್ಷ ಮೇಡಂ." ಬಾಯಿ ಸುಡಲಿಲ್ಲ.

"ಹಳ್ಳದಾಚೆಯವರು ಅಂತ ಯಾರಾದ್ರೂ ಏನಾದ್ರೂ ಅಂದಿದಾರಾ?"

"ಇಲ್ಲ ಮೇಡಂ."

ಅಧಿಕಾರಿ ಬರೆದುಕೊಂಡಳು. ಹೊರಡಲು ತಿರುಗಿದವಳು ಏನೋ ಕುತೂಹಲಕ್ಕೆ ಕೇಳಿದಳು. "ಎಲ್ಲ ರೋಗಿಗಳಿಗೂ ಇದೇ ಗಂಜಿನಾ? ಅವರವರ ಕಾಯಿಲೆಗೆ ತಕ್ಕ ಹಾಗೆ ಬೇರೆ ಮಾಡ್ತೀರಾ?"

ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಮೇಸ್ತ್ರಿ ಬಾಯಿ ತೆಗೆದ. "ಅವರೇ ಹೇಳ್ಲಿ" ಎಂದಳು ಅಧಿಕಾರಿ.

ಗಂಟಕ್ಕನಿಗೆ ಹೆದರಿಕೆಯಾಗಲಿಲ್ಲ. ಇದೊಂದು ಅವಳಿಗೆ ಗೊತ್ತಿದ್ದ ವಿಷಯ. "ಹದಿನಾಲ್ಕನೇ ಹಾಸಿಗೆಗೆ ಹಾಲು ಹಾಕ್ಬಾರ್ದು ಮೇಡಂ, ಮೂರು ದಿನದಿಂದ ಹೊಟ್ಟೆ ನಿಂತಿಲ್ಲ. ಒಂಬತ್ತಕ್ಕೆ ಗಟ್ಟಿ ಬೇಡ, ನುಂಗಿದ್ದೆಲ್ಲ ದಿಂಬಿನ ಮೇಲೇ ಬರುತ್ತೆ. ಮೂವತ್ತಕ್ಕೆ ಬೆವರು ಜಾಸ್ತಿ, ಎರಡೂ ಕಡೆ ಒದ್ದೆ, ಉಪ್ಪು ಸ್ವಲ್ಪ ಮುಂದಾಗಿರ್ಬೇಕು. ಇಪ್ಪತ್ತೊಂದರ ಹೆಣ್ಣುಮಗಳಿಗೆ ಹೆರಿಗೆ ರಕ್ತ ಇನ್ನೂ ನಿಂತಿಲ್ಲ. ಡಾಕ್ಟ್ರಿಗೆ ಹೇಳಿರೋ ಹಾಗಿಲ್ಲ ಅವಳು, ನಾಚಿಕೆಗೆ ಬಟ್ಟೆ ಮಡಚಿ ಒಳಗಿಟ್ಟು ಕಳಿಸ್ತಾಳೆ. ಅವಳಿಗೆ ಯಾರಾದ್ರೂ ಬೇಗ..."

ಪಟಾಕಿ ಖಾಲಿ ತಟ್ಟೆಯ ಅಂಚು ಉಗುರಿನಿಂದ ಕೆರೆದಳು. ಆಗ ಗಂಟಕ್ಕನಿಗೆ ತಾನೇನು ಮಾಡಿಕೊಂಡೆ ಎಂದು ಹೊಳೆಯಿತು.

"ದಿಂಬು, ಬಟ್ಟೆ..." ಎಂದಳು ಅಧಿಕಾರಿ ನಿಧಾನವಾಗಿ. "ಅಡುಗೆಮನೇಲಿ ನಿಂತು ಇದೆಲ್ಲ ಹೇಗಮ್ಮ ಗೊತ್ತಾಯ್ತು?"

"ನಮ್ಮಲ್ಲಿ ಎಲ್ಲರೂ ಎಲ್ಲ ಕಡೆ ಕೈಜೋಡಿಸ್ತಾರೆ ಮೇಡಂ" ಮ್ಯಾನೇಜರು ನಕ್ಕರು. "ಭೇದಭಾವ ಇಲ್ಲ ಅಂದ್ರೆ ಇದೇ ಅಲ್ವಾ?"

ಅಧಿಕಾರಿ ಹಾಜರಿ ಪುಸ್ತಕ ತರಿಸಿದಳು. ಮೂವತ್ತಾರು ಹಾಳೆಯಲ್ಲಿ ಗೆರೆಯಿಲ್ಲದ ಮೂವತ್ತಾರು ನೀಲಿ ಮಚ್ಚೆ, ಒಂದೇ ಮಸಿ. ಅವುಗಳನ್ನು ನೋಡಿದಳು. ತೊಳಸುಗೋಲು ಹಿಡಿದ ಬಿಳುಚಿದ ಕೈಗಳನ್ನು ನೋಡಿದಳು. ಅವಳಿಗೆ ಅರ್ಥವಾಯಿತು ಎಂದು ಗಂಟಕ್ಕನಿಗೆ ಅರ್ಥವಾಯಿತು. ಇಬ್ಬರೂ ಒಂದು ಗಳಿಗೆ ಕಣ್ಣು ಕೀಳಲಿಲ್ಲ.

ಆಮೇಲೆ ಅಧಿಕಾರಿ ಗಡಿಯಾರ ನೋಡಿಕೊಂಡಳು. "ಸಂಜೆಯೊಳಗೆ ಇನ್ನೂ ಎರಡು ಕಡೆ ಹೋಗ್ಬೇಕು. ಕಾಗದಪತ್ರ ಎಲ್ಲಾ ಇದೆಯಲ್ಲ, ಸಾಕು. ದೂರು ಕೊಟ್ಟ ಹುಡುಗಿಗೆ ಏನೋ ತಪ್ಪು ತಿಳುವಳಿಕೆ ಆಗಿರ್ಬೇಕು ಅಂತ ಬರೀತೀನಿ."

"ಆಫೀಸಲ್ಲಿ ಕಾಫಿ ಇದೆ ಮೇಡಂ" ಎಂದರು ಮ್ಯಾನೇಜರು.

* * *

ಅವರ ಹೆಜ್ಜೆ ಸದ್ದು ಅಡಗುವುದನ್ನೇ ಕಾಯುತ್ತಿದ್ದ ಮೇಸ್ತ್ರಿ ಗಂಟಕ್ಕನ ಕೈಯಿಂದ ತೊಳಸುಗೋಲು ಕಿತ್ತುಕೊಳ್ಳಲು ಹೋಗಿ, ಮುಟ್ಟಬೇಕಾಗುತ್ತದೆಂದು ನಿಂತ. "ಎಸಿ! ಅಲ್ಲೇ ಎಸಿ! ಪಾತ್ರೆಗೆ ಹಾಕಿದ್ಯಾ? ನಲವತ್ತು ಜನರ ಬಾಯಿಗೆ ಹೋಗೋದಕ್ಕೆ ಹಾಕಿದ್ಯೇನೇ, ರಂಡೆ?"

"ಉಕ್ತಿತ್ತು. ತಳ ಹಿಡೀತಿತ್ತು."

"ಸುಟ್ಟು ಕರಕಲಾಗ್ಲಿ! ನಿಂಗೇನೇ?"

ಅಧಿಕಾರಿಯನ್ನು ಕಾಫಿಗೆ ಕೂರಿಸಿ ಮ್ಯಾನೇಜರು ಓಡಿ ಬಂದರು. ಮೇಸ್ತ್ರಿ ಹೇಳಿದ್ದನ್ನು ಕೇಳಿದರು. ಎರಡು ಬೆರಳಿನಲ್ಲಿ ಹುಬ್ಬಿನ ನಡುವೆ ಒತ್ತಿಕೊಂಡರು.

"ಚೆಲ್ಲು" ಎಂದರು. "ಹಿಂದಿನ ಚರಂಡಿಗೆ. ಪಾತ್ರೆ ಮೂರು ಸಲ ಬೂದಿ ಹಾಕಿ ಬೆಳಗಲಿ, ಆಮೇಲೆ ಬೇರೆ ಇಡು."

"ಬೇರೆ ಆಗೋಕೆ ಎರಡು ಗಂಟೆ ಬೇಕು ಸಾರ್."

"ಕಾಯ್ತಾರೆ. ಎಲ್ಲಿಗೆ ಹೋಗ್ತಾರೆ, ಓಡೋಕೆ ಕಾಲಿದ್ರೆ ಇಲ್ಲಿ ಯಾಕೆ ಇರ್ತಿದ್ರು?" ಗಂಟಕ್ಕನ ಕಡೆ ತಿರುಗಿದರು. "ಇವಳೇ ಹೊತ್ತು ಚೆಲ್ಲಲಿ. ನೋಡಿದ್ಯೇನೇ? ಒಂದು ಸಲ ಕೈ ಹಾಕಿದ್ದಕ್ಕೆ ಒಂದು ಹಂಡೆ ಗಂಜಿ ಮಣ್ಣು ಪಾಲು. ಇನ್ನು ನಿನ್ನ ಮಗಳನ್ನ ಇಲ್ಲಿ ಇಟ್ಕೊಂಡ್ರೆ ದಿನಾ ಎರಡು ಹೊತ್ತು ಚೆಲ್ಲಬೇಕಾಗುತ್ತೆ. ನೀನೇ ಯೋಚ್ನೆ ಮಾಡು, ಆಗೋ ಮಾತಾ?"

"ನೀವು ಮಾತು ಕೊಟ್ಟಿದ್ರಿ ಸಾರ್."

"ನಿನಗೆ ಏನೂ ಮುಟ್ಟಬೇಡ ಅಂದಿರಲಿಲ್ವಾ? ಮಾತು ನೀನು ಉಳಿಸ್ಕೊಂಡ್ಯಾ?" ಎಂದು ಅವರು ಕರವಸ್ತ್ರ ಕೊಡವಿ ಆಫೀಸಿಗೆ ಹೋದರು.

ಗಂಟಕ್ಕ ತೊಳಸುಗೋಲನ್ನು ಗೋಡೆಗೆ ಒರಗಿಸಿದಳು. ಹೇಳಿದ ಸುಳ್ಳು ಹೇಳಿ ಆಗಿತ್ತು. ಅದು ಆಗಲೇ ಫೈಲಿನೊಳಗೆ ಕೂತು ಮಗಳನ್ನು ಸುಳ್ಳುಗಾತಿ ಮಾಡಿತ್ತು. ಅದಕ್ಕೆ ಪ್ರತಿಯಾಗಿ ಸಿಕ್ಕಿದ್ದು ಚೆಲ್ಲುವ ಕೆಲಸ.

"ಗಂಟು ಹೊರೋ ಕೋಲು ತಾರೇ" ಎಂದಳು ಪಟಾಕಿಗೆ.

ಪಾತ್ರೆಯ ಎರಡು ಕಿವಿಗೆ ಕೋಲು ತೂರಿಸಿ, ಒದ್ದೆ ಗಂಟು ಹೊರುವ ಹಾಗೆ ಹಿಂದೊಬ್ಬಳು ಮುಂದೊಬ್ಬಳು ಹೆಗಲು ಕೊಟ್ಟರು. ಗಂಜಿ ತುಳುಕಲಿಲ್ಲ. ಮೇಸ್ತ್ರಿ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟ. ಹಿಂಬಾಗಿಲು ದಾಟಿದರೆ ಉದ್ದದ ಪಡಸಾಲೆ. ಎಡಕ್ಕೆ ಹೋದರೆ ಚರಂಡಿ, ಬಲಕ್ಕೆ ಹೋದರೆ ವಾರ್ಡು. ಮುಂದಿದ್ದವಳು ಗಂಟಕ್ಕ. ಬಲಕ್ಕೆ ತಿರುಗಿದಳು.

"ಅಕ್ಕಾ?"

"ಹೂಂ."

"ಚರಂಡಿ ಆ ಕಡೆ."

"ಗೊತ್ತು."

ಪಟಾಕಿ ಹೆಗಲ ಮೇಲಿನ ಕೋಲು ಸರಿಪಡಿಸಿಕೊಂಡಳು. ಆಮೇಲೆ, "ಸೌಟು ಬಿಟ್ಟು ಬಂದ್ವಲ್ಲೇ" ಎಂದಳು.

"ನನ್ನ ಜೇಬಲ್ಲಿದೆ. ಕೈ ಇಟ್ಕೋ ಅಂದಿದ್ರು, ಸೌಟು ಇಟ್ಕೊಂಡೆ."

ವಾರ್ಡಿನಲ್ಲಿ ಎರಡು ಸಾಲು ಹಾಸಿಗೆ. ಚಳಿಗೆ ಕಿಟಕಿಗಳೆಲ್ಲ ಮುಚ್ಚಿದ್ದವು. ಹಸಿದವರು ಬಟ್ಟಲು ಹೊಟ್ಟೆಯ ಮೇಲಿಟ್ಟುಕೊಂಡು ಬಾಗಿಲು ನೋಡುತ್ತಿದ್ದರು. ಇಬ್ಬರು ಪಾತ್ರೆ ಇಳಿಸಿದಾಗ ಬಿಳಿ ನಿಲುವಂಗಿ ನೋಡಿ ಬಟ್ಟಲುಗಳು ಎದ್ದವು. ಗಂಟಕ್ಕ ಒಂದನೇ ಹಾಸಿಗೆಯಿಂದ ಶುರು ಮಾಡಿದಳು. ಅವರ ಮುಖಗಳನ್ನು ಅವಳು ನೋಡುತ್ತಿದ್ದುದು ಅದೇ ಮೊದಲು. ಒಂಬತ್ತಕ್ಕೆ ಮೇಲಿನ ತಿಳಿ ಮಾತ್ರ ಹಾಕಿದಳು. ಹದಿನಾಲ್ಕರ ಹತ್ತಿರ ಬಂದಾಗ ಅಲ್ಲಿದ್ದ ಮುದುಕ ಅವಳ ಕೈ ನೋಡಿದ.

"ಹೊಸಬಳೇನವ್ವಾ? ಯಾರು ನೀನು?"

ಸುಳ್ಳು ಹೇಳಿ ಹೇಳಿ ಸಾಕಾಗಿತ್ತು. "ಹಳ್ಳದಾಚೆಯೋಳು. ನಿಮ್ಮ ಹಾಸಿಗೆ ಬಟ್ಟೆ ಒಗೆಯೋಳು."

ಪಕ್ಕದ ಹಾಸಿಗೆಯವನು ಚಾಚಿದ್ದ ಬಟ್ಟಲು ಹಿಂದಕ್ಕೆಳೆದುಕೊಂಡ. ಆಗಲೇ ಬಡಿಸಿ ಬಂದ ಕಡೆ ಯಾರೋ ಬಾಯಲ್ಲಿದ್ದುದನ್ನು ಥೂ ಎಂದು ಉಗಿದ ಸದ್ದಾಯಿತು. ಪಟಾಕಿ ಅತ್ತ ನೋಡಿ, "ಉಗೀರಿ ಉಗೀರಿ, ಆ ಬಟ್ಟೇನೂ ನಾವೇ ಒಗೆಯೋದು" ಎಂದಳು.

ಮುದುಕ ಬಟ್ಟಲನ್ನೊಮ್ಮೆ ನೋಡಿದ, ಅವಳನ್ನೊಮ್ಮೆ ನೋಡಿದ. "ಮೂರು ದಿನದ್ದು ನೀನೇನಾ ಒಗೆದದ್ದು?" ಎಂದ.

"ನಾನೇ."

ಅವನು ಬಟ್ಟಲು ಎತ್ತಿ ಕುಡಿಯತೊಡಗಿದ. ಹೊಟ್ಟೆ ಹಸಿದವನ ಕುಡಿತ, ಸದ್ದು ವಾರ್ಡಿಗೆಲ್ಲ ಕೇಳಿಸುವಂಥದ್ದು. ಬಟ್ಟಲು ಎಳೆದುಕೊಂಡಿದ್ದವನು ಆ ಸದ್ದನ್ನು ಸ್ವಲ್ಪ ಹೊತ್ತು ಕೇಳಿದ. ಮತ್ತೆ ನಿಧಾನವಾಗಿ ಬಟ್ಟಲು ಚಾಚಿದ, ಮುಖ ಮಾತ್ರ ಗೋಡೆಯ ಕಡೆಗೆ.

ಆಗ ವಾರ್ಡಿನ ಮುಂಬಾಗಿಲು ತೆರೆಯಿತು. ಜೀಪಿಗೆ ಹೋಗುವ ದಾರಿ ಅದೇ. ಅಧಿಕಾರಿ ಮುಂದೆ, ಮ್ಯಾನೇಜರು ಅವಳ ಚೀಲ ಹಿಡಿದು ಹಿಂದೆ. ಪಾತ್ರೆ ಕಂಡು ಮ್ಯಾನೇಜರ ಕಾಲು ನೆಲಕ್ಕೆ ಹೊಲಿದಂತೆ ನಿಂತಿತು. ಬೈಯಲು ತೆರೆದ ಬಾಯಿ ಅಧಿಕಾರಿಯ ಬೆನ್ನು ನೋಡಿ ನಗುವಾಯಿತು.

"ಬಡಿಸ್ತಿದಾರೆ ಮೇಡಂ. ನಮ್ಮಲ್ಲಿ ಯಾವತ್ತೂ ಹೊತ್ತು ತಪ್ಪಲ್ಲ."

"ಈ ಗಂಜಿ ಚರಂಡಿಗೆ ಚೆಲ್ಲು ಅಂದ್ರು ಮೇಡಂ" ಎಂದಳು ಗಂಟಕ್ಕ. ದನಿ ಎತ್ತರಿಸಲಿಲ್ಲ. ಹಂಡೆಯ ಕುದಿತದ ಮೇಲೆ ಮಾತಾಡಿ ಅಭ್ಯಾಸವಾದ ಗಂಟಲು, ತಾನಾಗಿಯೇ ವಾರ್ಡಿನ ಕೊನೆ ಮುಟ್ಟಿತು. "ನಾನು ಮುಟ್ಟಿದೆ ಅಂತ. ನಾನು ಅಡುಗೆಯೋಳಲ್ಲ. ಇವತ್ತೇ ಮೊದಲು ಅಲ್ಲಿ ಕಾಲಿಟ್ಟದ್ದು. ಆ ಹೆಬ್ಬೆಟ್ಟೆಲ್ಲ ನಿನ್ನೆ ಒಂದೇ ಸಲ ಒತ್ಸಿದ್ದು. ನನ್ನ ಮಗಳು ಬರೆದದ್ದು ನಿಜ. ಆಗ ಸುಳ್ಳು ಹೇಳ್ದೆ, ಈಗ ಹೇಳ್ತಿರೋದು ಬರ್ಕೊಳ್ಳಿ."

"ತಲೆ ಸರಿ ಇಲ್ಲ ಮೇಡಂ ಇವಳಿಗೆ, ಪಾಪ" ಎಂದರು ಮ್ಯಾನೇಜರು.

ಅಧಿಕಾರಿ ಕನ್ನಡಕ ತೆಗೆದು ಒರೆಸಿದಳು. "ನಾನು ವರದಿಗೆ ಸಹಿ ಹಾಕಿ ಆಯ್ತಮ್ಮ."

"ಹಾಕಿದ್ರೆ ಹರೀರಿ."

ಗಂಟಕ್ಕ ಮೂಲೆಯ ಮೇಜಿನಿಂದ ಒಂದು ಖಾಲಿ ಬಟ್ಟಲು ತೆಗೆದುಕೊಂಡಳು. ಪಾತ್ರೆಯ ತಳದವರೆಗೆ ಸೌಟು ಇಳಿಸಿ, ಎತ್ತಿ, ಬಟ್ಟಲಿಗೆ ಹಾಕಿದಳು. ಅದನ್ನು ಎರಡು ಕೈಯಲ್ಲಿ ಹಿಡಿದು ಮ್ಯಾನೇಜರ ಎದೆಯ ಮಟ್ಟಕ್ಕೆ ಚಾಚಿದಳು.

"ಚೆಲ್ಲು ಅಂದಿಲ್ಲ ಅಲ್ವಾ ಸಾರ್ ನೀವು? ಹಾಗಾದ್ರೆ ಕುಡೀರಿ."

ಮ್ಯಾನೇಜರು ಬಟ್ಟಲನ್ನು ನೋಡಿದರು. ಒಳಬಾಗಿಲಲ್ಲಿ ಮೇಸ್ತ್ರಿ, ಗುಮಾಸ್ತ, ಅಡುಗೆಮನೆಯ ಆಳುಗಳು ಗುಂಪು ಕಟ್ಟಿದ್ದರು. ಕುಡಿದರೆ ಇವರು ಸಂಜೆಯೊಳಗೆ ಊರಿಗೆಲ್ಲ ಸುದ್ದಿ ಹಂಚುತ್ತಾರೆ. ಮುಂದೆ ಅಧಿಕಾರಿ, ಅವಳ ಕೈಯಲ್ಲಿ ಫೈಲು. ಕುಡಿಯದಿದ್ದರೆ ಅದು ಮತ್ತೆ ತೆರೆಯಬಹುದು. ಅವರ ಬಲಗೈ ತೊಡೆಯಿಂದ ಒಂದು ಅಂಗುಲ ಎದ್ದು ಅಲ್ಲೇ ನಿಂತಿತು.

"ಬಿಸಿ ಇದೆ ಮೇಡಂ, ಆಮೇಲೆ..." ಎಂದರು.

"ಆರುತ್ತೆ. ನಾನು ಹಿಡ್ಕೊಂಡಿರ್ತೀನಿ."

ಅಧಿಕಾರಿ ಜೀಪಿನ ಕಡೆಗೊಮ್ಮೆ ನೋಡಿದಳು. ಹೋಗಲಿಲ್ಲ. ಫೈಲಿನ ದಾರದ ಗಂಟಿನ ಮೇಲೆ ಅವಳ ಬೆರಳುಗಳಿದ್ದವು, ಬಿಚ್ಚುವುದಕ್ಕೋ ಬಿಗಿಯುವುದಕ್ಕೋ ಹೇಳುವಂತಿರಲಿಲ್ಲ.

ಹದಿನಾಲ್ಕರ ಮುದುಕ ಖಾಲಿ ಬಟ್ಟಲನ್ನು ಮಂಚದ ಕಬ್ಬಿಣಕ್ಕೆ ಟಣ್ ಎಂದು ಬಡಿದ.

"ಏನವ್ವಾ, ಇನ್ನೊಂದು ಸೌಟು ಹಾಕು."

"ಸ್ವಲ್ಪ ತಡೀರಿ ಅಜ್ಜಾ" ಎಂದಳು ಗಂಟಕ್ಕ, ಮ್ಯಾನೇಜರ ಮುಖದಿಂದ ಕಣ್ಣು ತೆಗೆಯದೆ. "ಮೊದಲು ಇವರು ಕುಡೀಲಿ."